‘ಪೋಷಕರಿಗೆ ಒಪ್ಪಿಸಲಾಯಿತು’

ಕರಾವಳಿಯ ಮತೀಯ ಉಗ್ರತೆ ಹೆಣ್ಣುಮಕ್ಕಳ ಬದುಕನ್ನು ಎಲ್ಲೆಲ್ಲಿ ಮುಟ್ಟುತ್ತದೆ ಎಂದು ತಿಳಿಯಲು ಹೊರಟ ನಾನು ಮೊದಲು ಹುಡುಕಿದ್ದು ಅಂಕಿಅಂಶ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಯಲ್ಲಿ ವರದಕ್ಷಿಣೆ ಸಾವಿಗೆ ಕಾಲಂ ಇದೆ, ಗಂಡನ ಮನೆಯವರ ಕ್ರೌರ್ಯಕ್ಕೂ ಇದೆ. ಬಸ್ಸು ತಡೆದು, ಪಕ್ಕದಲ್ಲಿ ಕುಳಿತವನ ಹೆಸರು ಕೇಳಿ, ಹುಡುಗಿಯನ್ನು ಕೆಳಗಿಳಿಸುವುದಕ್ಕೆ ಇಲ್ಲ. ಆಗಿನ ದಂಡ ಸಂಹಿತೆಯಲ್ಲಿ ಅದು ಅಕ್ರಮ ತಡೆ (ಸೆಕ್ಷನ್ 341), ಹಲ್ಲೆ (323), ಬೆದರಿಕೆ (506) ಎಂದು ಚೂರುಚೂರಾಗಿ, ಗಡಿಬೇಲಿಗೆ ಜಗಳವಾಡಿದವರ ಸಾಲಿನಲ್ಲಿ ಸೇರಿಹೋಗುತ್ತಿತ್ತು.

ಹಾಗಾಗಿ ಮಂಗಳೂರಿನ ಹಳೆಯ ದಿನಪತ್ರಿಕೆಗಳ ಮುಂದೆ ಕುಳಿತೆ. ಗುಂಪು ನುಗ್ಗಿ ಹುಡುಗಿಯರನ್ನು ಹೊಡೆದ 2009ರ ಜನವರಿ 24ರ ಪಬ್ ದಾಳಿ, 2012ರ ಜುಲೈ 28ರ ಪಡೀಲ್ ಹೋಂಸ್ಟೇ ದಾಳಿ ಎಲ್ಲರಿಗೂ ಗೊತ್ತು, ಕ್ಯಾಮೆರಾ ಇತ್ತು. (ಮೊದಲನೆಯದರ ಆರೋಪಿಗಳು 2018ರಲ್ಲಿ, ಎರಡನೆಯದರವರು 2024ರಲ್ಲಿ ಖುಲಾಸೆಯಾದರು. ದೇಶವೇ ಟಿ.ವಿ.ಯಲ್ಲಿ ಕಂಡದ್ದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.) ನನಗೆ ಬೇಕಾಗಿದ್ದದ್ದು ಒಳಪುಟದ ಎರಡಂಗುಲದ ಸುದ್ದಿಗಳು. ಬಸ್ಸು ತಡೆದದ್ದು ಒಂದು ಪತ್ರಿಕೆಗೆ ‘ಅನೈತಿಕ ಪೊಲೀಸ್‌ಗಿರಿ’, ಇನ್ನೊಂದಕ್ಕೆ ‘ಅನ್ಯಕೋಮಿನ ಜೋಡಿ ಪತ್ತೆ’. ಪತ್ತೆಯಂತೆ! ಕಳೆದುಹೋದ ದನವೇ ಅದು? ಯಾವ ಪತ್ರಿಕೆಯಾದರೂ ಕೊನೆಯ ಸಾಲು ಮಾತ್ರ ಒಂದೇ: ‘ಯುವತಿಯನ್ನು ಪೋಷಕರಿಗೆ ಒಪ್ಪಿಸಲಾಯಿತು.’ ಸುದ್ದಿ ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಏನಾಯಿತು ಎಂಬುದೇ ನನ್ನ ಸಂಶೋಧನೆಯಾಯಿತು.

ಹೆಣ್ಣುಮಕ್ಕಳ ಬಳಿ ಪ್ರಶ್ನಾವಳಿ ಹಿಡಿದು ಹೋದೆ. ‘ನೀವು ಯಾವುದೇ ರೀತಿಯ ಹಿಂಸೆಯನ್ನು ಅನುಭವಿಸಿದ್ದೀರಾ?’ ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ತುಳುವಿನಲ್ಲಿ ಬಂದ ಉತ್ತರ, “ಅಂಚಿನ ದಾಲಾ ಇಜ್ಜಿ ಅಕ್ಕಾ.” ಅಂಥದ್ದೇನೂ ಇಲ್ಲ. ಹಾಳೆ ಚೀಲಕ್ಕೆ ಸೇರಿಸಿ, ನಾನೂ ತುಳುವಿಗೆ ಇಳಿದು, ಬಸ್ಸಿನ ವಿಷಯ ಎತ್ತಿದೆ. ಯಾವ ಬಸ್ಸಿಗೆ ಹೋಗುತ್ತಿದ್ದಿರಿ, ಯಾವಾಗ ಬಿಟ್ಟಿರಿ? ಆಗ ಮಾತು ಬಿಚ್ಚಿಕೊಂಡಿತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಂಜೆಯ ಬಸ್ಸು ಬಿಟ್ಟದ್ದು, ಮೊಬೈಲ್ ಅಣ್ಣನ ಕೈಗೆ ಹೋದದ್ದು, ತಿಂಗಳೊಪ್ಪತ್ತಿನಲ್ಲಿ ಮದುವೆ ಗೊತ್ತಾದದ್ದು. ಯಾರೂ ಅದನ್ನು ಹಿಂಸೆ ಎನ್ನಲಿಲ್ಲ. ‘ಮನೆಯಲ್ಲಿ ಸ್ವಲ್ಪ ಸ್ಟ್ರಿಕ್ಟ್’ ಎಂದರು.

ಒಂದು ತಪ್ಪು ಮಾಡಿದೆ. ಭೇಟಿಯ ಸಮಯ ಬದಲಾಯಿಸಲು ಒಬ್ಬಳ ಮನೆಗೆ ಫೋನ್ ಮಾಡಿದೆ, ಅಣ್ಣ ಎತ್ತಿದ. ಅವಳು ಮತ್ತೆ ನನ್ನೊಂದಿಗೆ ಮಾತನಾಡಲಿಲ್ಲ. ಅವಳ ಪಾಲಿಗೆ ಏನಾಯಿತೆಂದು ವಿಚಾರಿಸಲು ಹೋದರೆ ಅದೇ ಇನ್ನೊಂದು ಅಪಾಯವಾಗುತ್ತಿತ್ತು. ಅಂದಿನಿಂದ ಫೋನ್ ಇಲ್ಲ, ರೆಕಾರ್ಡರ್ ಇಲ್ಲ, ಟಿಪ್ಪಣಿ ಪುಸ್ತಕದಲ್ಲಿ ಹೆಸರಿಲ್ಲ. ಅವರು ಹೇಗೂ ಬರುವ ಜಾಗಕ್ಕೆ ನಾನೇ ಹೋಗುತ್ತಿದ್ದೆ: ಹೊಲಿಗೆ ತರಗತಿ, ಆಸ್ಪತ್ರೆಯ ಸಾಲು, ಕಟ್ಟಿದ ಬೀಡಿ ಕೊಟ್ಟುಬರುವ ಬೀಡಿ ಬ್ರಾಂಚಿನ ಜಗಲಿ.

ಹುಡುಗರನ್ನೂ ಮಾತನಾಡಿಸಿದೆ, ಎರಡೂ ಧರ್ಮದವರನ್ನು. ‘ನಮ್ಮ ಹುಡುಗಿಯರ ರಕ್ಷಣೆ’ ಎಂಬ ಮಾತು ಎರಡೂ ಕಡೆ ಒಂದೇ, ಧರ್ಮದ ಹೆಸರು ಮಾತ್ರ ಬೇರೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇಂಡೊನೇಷ್ಯಾ, ಬಾಂಗ್ಲಾದೇಶ, ಫಿಲಿಪೀನ್ಸ್‌ಗಳಲ್ಲಿ ಮಾಡಿದ ಸಮೀಕ್ಷೆಯನ್ನು ಓದಿದ್ದೆ. ಉಗ್ರವಾದವನ್ನು ಬೆಂಬಲಿಸುವವರಲ್ಲಿ ಎದ್ದು ಕಂಡದ್ದು ಧರ್ಮಶ್ರದ್ಧೆಯಲ್ಲ, ಹೆಂಗಸರ ಮೇಲಿನ ಹಿಂಸೆಯನ್ನು ಒಪ್ಪುವ ಮನಸ್ಸು ಎಂದಿತ್ತು. ದೂರದ ಮಾತು ಅನಿಸಿತ್ತು. ಕಬಡ್ಡಿ ಮೈದಾನದ ಪಕ್ಕ ಒಬ್ಬ, ತಂಗಿಯ ವಾಟ್ಸ್ಆ್ಯಪ್ ದಿನಾ ತಾನೇ ನೋಡುವುದಾಗಿ ಹೆಮ್ಮೆಯಿಂದ ಹೇಳಿ, ಅದೇ ಉಸಿರಿನಲ್ಲಿ ಬಸ್ಸು ತಡೆದ ಕಥೆಗೆ ಬಂದ. ಅವನಿಗೆ ಅವೆರಡು ಬೇರೆ ಕೆಲಸಗಳಾಗಿರಲಿಲ್ಲ.

ಹಳೆಯ ಸುದ್ದಿಯೊಂದರಲ್ಲಿ ‘ಕಾಲೇಜು ವಿದ್ಯಾರ್ಥಿನಿ’ ಎಂದಿದ್ದವಳು ಬಹಳ ವರ್ಷಗಳ ನಂತರ ಬೀಡಿ ಬ್ರಾಂಚಿನಲ್ಲಿ ಸಿಕ್ಕಳು. ‘ಒಪ್ಪಿಸಿದ’ ಮರುದಿನದಿಂದ ಕಾಲೇಜಿಗೆ ಹೋಗಿಲ್ಲ. ಬರೆಯದ ಪರೀಕ್ಷೆಯ ಹಾಲ್ ಟಿಕೆಟ್ ಈಗಲೂ ಕಪಾಟಿನಲ್ಲಿದೆಯಂತೆ, ಸೀರೆಗಳ ಅಡಿಯಲ್ಲಿ. ಒಂದು ದಿನ ತಂದು ತೋರಿಸಿದಳು. ಫೋಟೊ ತೆಗೆಯಲೇ ಎಂದೆ.

“ಬೇಡ ಅಕ್ಕಾ, ಅದರಲ್ಲಿ ನನ್ನ ಹೆಸರಿದೆ” ಎಂದು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.