ಸ್ಟ್ಯಾಂಡ್‌ಬೈ ರೂಟರ್‌ಗೂ ಬಳ್ಳಾರಿಯಿಂದಲೇ ಲಾಗಿನ್: ನನ್ನ ಅನುಭವ

ಗಂಗಾವತಿಯ ಒಂದು ರೈಸ್ ಮಿಲ್. ಎರಡು ಮಿನಿ ಪಿಸಿ, ಎರಡರಲ್ಲೂ ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮೆಷಿನ್, ಅಂದರೆ ವಿಎಂ ಓಡಿಸುವ ಸಾಫ್ಟ್‌ವೇರ್), ಒಂದೊಂದರಲ್ಲಿ ಒಂದೊಂದು ವೈಓಎಸ್ (ರೂಟರ್ ಸಾಫ್ಟ್‌ವೇರ್) ವಿಎಂ. ಮೊದಲನೆಯದಕ್ಕೆ ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೆಷನ್ ಕಟ್ಟುವ) ಫೈಬರ್, ಎರಡನೆಯದಕ್ಕೆ 4ಜಿ ಸಿಮ್. ಒಂದು ರೂಟರ್ ಬಿದ್ದರೆ ಇನ್ನೊಂದು ಅದರ ಜಾಗಕ್ಕೆ ಬರುವ ವಿಆರ್‌ಆರ್‌ಪಿ ಪ್ರೋಟೋಕಾಲ್‌ನಲ್ಲಿ ಪ್ರಯಾರಿಟಿ 200 ಮತ್ತು 100 (ಹೆಚ್ಚಿರುವುದು ಮಾಸ್ಟರ್, ಇನ್ನೊಂದು ಸ್ಟ್ಯಾಂಡ್‌ಬೈ), ಮಾಸ್ಟರ್ ಹಿಡಿಯುವ ವರ್ಚುವಲ್ ಐಪಿ .1, ಸ್ವಂತದವು .2, .3 (ಇವು ಲ್ಯಾನ್ ಐಪಿಯ ಕೊನೆಯ ಸಂಖ್ಯೆಗಳು). "ಮ್ಯಾನೇಜ್ ಮಾಡೋಕೆ ವರ್ಚುವಲ್ ಐಪಿ ಒಂದೇ ಸಾಕು" ಎಂದು ಜೊತೆಯವರೆಲ್ಲ ಹೇಳಿದ್ದರು. ಸಾಲದು. ಈಗಿನ ವ್ಯವಸ್ಥೆ ಒಂದು ಹದಕ್ಕೆ ಬಂದು ಎಂಟು ತಿಂಗಳಾಯಿತು, ಅಲ್ಲಿಂದ ಸೈಟಿಗೆ ಒಮ್ಮೆಯೂ ಹೋಗಿಲ್ಲ.

ಬಳ್ಳಾರಿಯಿಂದ ಹೋಗುವುದೆಂದರೆ ಕಾರು, ಡೀಸೆಲ್ ಸೇರಿ ಸುಮಾರು 1,800 ರೂಪಾಯಿ, ಮೇಲೆ ಒಂದು ದಿನದ ಕೆಲಸ ಹಾಳು. ಜಲಾಶಯದಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಸುತ್ತು ದಾರಿ ಹಿಡಿಯಬೇಕು. ವರ್ಷದ ಎಎಂಸಿ (ನಿರ್ವಹಣೆ ಒಪ್ಪಂದದ ಹಣ) 18,000 ಇರುವಾಗ ನಾಲ್ಕು ಟ್ರಿಪ್ ಆದರೆ ಏನು ಉಳಿಯುತ್ತದೆ?

ವರ್ಚುವಲ್ ಐಪಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ ಸಿಗುವುದು ಆಗ ಮಾಸ್ಟರ್ ಆಗಿರುವ ರೂಟರ್ ಮಾತ್ರ. ಕೆಟ್ಟಿರುವುದು ಇನ್ನೊಂದು. ಎರಡರ ಹೋಸ್ಟ್ ಕೀ (ರೂಟರ್‌ನ ಗುರುತಿನ ಕೀ) ಬೇರೆ ಬೇರೆ ಇದ್ದರೆ, ಫೇಲ್‌ಓವರ್ ಆದಾಗಲೆಲ್ಲ ಕೀ ಬದಲಾಗಿದೆ ಎಂಬ ಎಚ್ಚರಿಕೆ ಬೇರೆ. ಫೈಬರ್ ಕಡೆಯಿಂದ .3ಕ್ಕೆ ಪೋರ್ಟ್ ಫಾರ್ವರ್ಡ್ ಕೊಟ್ಟೆ. ಪ್ಯಾಕೆಟ್ ಒಳಗೆ ಹೋಯಿತು, ಉತ್ತರ ಮಾತ್ರ .3ರ ಡಿಫಾಲ್ಟ್ ರೂಟ್ ಹಿಡಿದು ಸಿಮ್‌ನಿಂದ ಹೊರಟಿತು, ಕನೆಕ್ಷನ್ ನಿಲ್ಲಲಿಲ್ಲ. ಸಿಮ್‌ಗೆ ಪಬ್ಲಿಕ್ ಐಪಿ ಇಲ್ಲದ್ದರಿಂದ ಹೊರಗಿನಿಂದ ನೇರ ಬರುವ ಮಾತೇ ಇಲ್ಲ.

ಹಾಗಾಗಿ ತಿಂಗಳಿಗೆ ಸುಮಾರು 400 ರೂಪಾಯಿಯ ವಿಪಿಎಸ್ (ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ಹಿಡಿದೆ. ಎರಡೂ ರೂಟರ್‌ಗಳು ತಾವೇ ಅಲ್ಲಿಗೆ ವೈರ್‌ಗಾರ್ಡ್ ವಿಪಿಎನ್ ಟನಲ್ ಕಟ್ಟುತ್ತವೆ, ಕೀಪ್‌ಅಲೈವ್ 25 ಸೆಕೆಂಡು. ಮೊದಲ ವಾರ ಟನಲ್ ಒಂದು ಕ್ಷಣ ಇದಕ್ಕೆ, ಮರುಕ್ಷಣ ಅದಕ್ಕೆ ಹಾರುತ್ತಿತ್ತು. ಎರಡನೆಯ ವಿಎಂ ಮೊದಲನೆಯದರ ಕ್ಲೋನ್, ಪ್ರೈವೇಟ್ ಕೀ ಒಂದೇ! ಯಾವುದು ಕೊನೆಗೆ ಪ್ಯಾಕೆಟ್ ಕಳಿಸಿತೋ ವಿಪಿಎಸ್ ಅದರ ಹಿಂದೆ ಹೋಗುತ್ತದೆ. ಬೇರೆ ಬೇರೆ ಕೀ, ವಿಪಿಎಸ್ ಕಡೆ ಅಲೌಡ್ ಐಪಿ ತಲಾ ಒಂದು /32 (ಅಂದರೆ ಒಂದೇ ಒಂದು ವಿಳಾಸ) ಕೊಟ್ಟ ಮೇಲೆ ಸರಿಹೋಯಿತು. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ಹೊಸದಾಗಿ ಹುಟ್ಟಿಸಿ. ಸಿಮ್ ಕಡೆಯ ಟನಲ್‌ಗೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280; ಜಾಸ್ತಿ ಇಟ್ಟಾಗ ಲಾಗಿನ್ ಆಗುತ್ತಿತ್ತು, ಉದ್ದದ ಔಟ್‌ಪುಟ್ ಬಂದ ಕೂಡಲೇ ಸ್ಕ್ರೀನ್ ಕಲ್ಲಾಗುತ್ತಿತ್ತು.

ಫೈಬರ್ ಬಿದ್ದರೆ ಮೊದಲನೆಯ ರೂಟರ್‌ನ ಟನಲ್ಲೂ ಬೀಳುತ್ತದೆ. ಹಾಗಾಗಿ ಆ ರೂಟರ್‌ನಲ್ಲಿ ಡಿಸ್ಟೆನ್ಸ್ 250 ಕೊಟ್ಟು (ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಕಡಿಮೆ) .3ರ ಮೂಲಕ ಹೋಗುವ ಇನ್ನೊಂದು ಡಿಫಾಲ್ಟ್ ರೂಟ್. ಇಲ್ಲಿ .1 ಹಾಕಬೇಡಿ, ಮಾಸ್ಟರ್ ತಾನೇ ಆಗಿದ್ದರೆ ರೂಟ್ ತನಗೇ ತಿರುಗುತ್ತದೆ. ಪಿಪಿಪಿಓಇ ಸೆಷನ್ ಎದ್ದೇ ಇದ್ದು ಇಂಟರ್ನೆಟ್ ಮಾತ್ರ ಸತ್ತರೆ ಈ ರೂಟ್ ಕೆಲಸಕ್ಕೆ ಬರುವುದಿಲ್ಲ. ಆಗ ಎರಡನೆಯದಕ್ಕೆ ಲಾಗಿನ್ ಆಗಿ ಅಲ್ಲಿಂದ ಲ್ಯಾನ್ ಮೂಲಕ .2ಕ್ಕೆ ಜಂಪ್. ಎಸ್‌ಎಸ್‌ಎಚ್ ಲ್ಯಾನ್ ಐಪಿಯಲ್ಲೂ ಕೇಳುತ್ತಿರಲಿ, ಫೈರ್‌ವಾಲ್‌ನಲ್ಲಿ ಇನ್ನೊಂದು ರೂಟರ್‌ಗೆ ಮಾತ್ರ ಅನುಮತಿ ಕೊಡಿ.

ಇದೆಲ್ಲ ಹದಕ್ಕೆ ಬರುವ ಮೊದಲು ಮ್ಯಾನೇಜ್‌ಮೆಂಟ್ ವಿಆರ್‌ಎಫ್ (ಲಾಗಿನ್‌ಗೆಂದೇ ಪ್ರತ್ಯೇಕ ರೂಟಿಂಗ್ ಟೇಬಲ್) ಕೂಡ ಮಾಡಿ ನೋಡಿದೆ. ಎಸ್‌ಎಸ್‌ಎಚ್ ಸರ್ವಿಸನ್ನು ವಿಆರ್‌ಎಫ್‌ಗೆ ಸೇರಿಸಿದ ಕೂಡಲೇ ಡಿಫಾಲ್ಟ್ ಕಡೆ ಕೇಳುವುದು ನಿಂತು ಹೋಯಿತು, ಜಂಪ್ ದಾರಿ ಮುಚ್ಚಿತು, ಒಂದು ಟ್ರಿಪ್ ದಂಡ. ಅಂದಿನಿಂದ ಬರೀ ಕಮಿಟ್ ಇಲ್ಲ. ಕಮಿಟ್-ಕನ್ಫರ್ಮ್ 10, ಹೊಸ ವಿಂಡೋದಿಂದ ಲಾಗಿನ್ ಆಗಿ ನೋಡಿ ಕನ್ಫರ್ಮ್, ಆಮೇಲೆ ಸೇವ್. ಕೈ ತಪ್ಪಿದರೆ ಹತ್ತು ನಿಮಿಷಕ್ಕೆ ರೀಬೂಟ್ ಆಗಿ ಹಳೆ ಕಾನ್ಫಿಗ್ ಬರುತ್ತದೆ.

ಪ್ರಾಕ್ಸ್‌ಮಾಕ್ಸ್ ಫೈರ್‌ವಾಲ್ ಆನ್ ಇದ್ದರೆ ಮ್ಯಾಕ್ ಫಿಲ್ಟರ್ ತೆಗೆಯಿರಿ. ಇಲ್ಲದಿದ್ದರೆ, ವಿಆರ್‌ಆರ್‌ಪಿಗೆ ವರ್ಚುವಲ್ ಮ್ಯಾಕ್ ಬಳಸುವಂತೆ ಇಟ್ಟಿರುವಾಗ, 00:00:5ಇ:00:01 ಎಂದು ಶುರುವಾಗುವ ವರ್ಚುವಲ್ ಮ್ಯಾಕ್‌ನ ಫ್ರೇಮ್‌ಗಳು ಅಲ್ಲೇ ಬಿದ್ದು ಎರಡೂ ಮಾಸ್ಟರ್ ಆಗುತ್ತವೆ. ಫೈರ್‌ವಾಲ್‌ನಲ್ಲಿ ಪ್ರೋಟೋಕಾಲ್ 112 (ವಿಆರ್‌ಆರ್‌ಪಿಯ ಸಂಖ್ಯೆ) ಬಿಡಲು ಮರೆತರೂ ಇದೇ ಗತಿ. ಸರಿಯಿದ್ದರೆ, 1 ಸೆಕೆಂಡಿನ ಅಡ್ವರ್ಟೈಸ್‌ಮೆಂಟ್‌ಗೆ ಮಾಸ್ಟರ್ ಸತ್ತ ಮೂರೂವರೆ ಸೆಕೆಂಡು ಚಿಲ್ಲರೆಯಲ್ಲಿ .3 ಎದ್ದು ನಿಲ್ಲುತ್ತದೆ. ಫೈಬರ್ ಸತ್ತಾಗ ಮಾಸ್ಟರನ್ನು ಕೆಳಗಿಳಿಸುವ ಹೆಲ್ತ್-ಚೆಕ್ ಸ್ಕ್ರಿಪ್ಟ್ ನನ್ನ ಕೈಯಲ್ಲೇ ಇರಲಿ. ಗೇಟ್‌ವೇಗೆ ಪಿಂಗ್ ಮಾಡಿ ನಂಬಬೇಡಿ ಎಂದಷ್ಟೇ ಹೇಳುತ್ತೇನೆ.

ಪ್ರಾಕ್ಸ್‌ಮಾಕ್ಸ್ ಹೋಸ್ಟ್‌ಗಳಿಗೂ ತಲಾ ಒಂದು ವೈರ್‌ಗಾರ್ಡ್ ಕೊಟ್ಟಿದ್ದೇನೆ, ಗೇಟ್‌ವೇ .1. ವಿಎಂಗೆ ಸೀರಿಯಲ್ ಸಾಕೆಟ್ ಸೇರಿಸಿದರೆ, ರೂಟರ್‌ನ ನೆಟ್‌ವರ್ಕ್ ಪೂರ್ತಿ ಕೆಟ್ಟರೂ ಹೋಸ್ಟ್‌ನಲ್ಲಿ ಕ್ಯೂಎಂ ಟರ್ಮಿನಲ್ ಹೊಡೆದು ಕನ್ಸೋಲ್‌ಗೆ ಇಳಿಯಬಹುದು. ವಿಆರ್‌ಎಫ್ ಹಾಳಾದ ದಿನ ಇದೊಂದು ಇದ್ದಿದ್ದರೆ ಆ 1,800 ಉಳಿಯುತ್ತಿತ್ತು.