ಟ್ರೇಡ್‌ಗಳಲ್ಲಿ ಲಾಭ, ಪೋರ್ಟ್‌ಫೋಲಿಯೊ ಮಾತ್ರ ನಿಫ್ಟಿಗಿಂತ ಹಿಂದೆ: ಸರಿಹೋದದ್ದು ಹೀಗೆ

ನನ್ನ ಹೆಚ್ಚಿನ ಷೇರು ಟ್ರೇಡ್ ಲಾಭದಲ್ಲೇ ಮುಗಿದರೂ ವರ್ಷದ ಗಳಿಕೆ, 50 ದೊಡ್ಡ ಕಂಪನಿಗಳ ಸೂಚ್ಯಂಕವನ್ನೇ ಹಿಂಬಾಲಿಸುವ ನಿಫ್ಟಿ 50 ಇಂಡೆಕ್ಸ್ ಫಂಡ್‌ಗಿಂತ ಕಡಿಮೆ ಇತ್ತು.

ಕಡಿಮೆ ಕಮಿಷನ್‌ನ ಡಿಸ್ಕೌಂಟ್ ಬ್ರೋಕರ್‌ಗೆ ಹೋದರೂ ಉಪಯೋಗವಾಗಲಿಲ್ಲ, ತೆರಿಗೆಗಳು ಹಾಗೇ ಉಳಿದವು. ಡೆಲಿವರಿಯಲ್ಲಿ (ಷೇರನ್ನು ಅದೇ ದಿನ ಮಾರದೆ ಖಾತೆಗೆ ಪಡೆಯುವ ಖರೀದಿ) ಒಂದು ಲಕ್ಷಕ್ಕೆ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕೊಳ್ಳುವಾಗ 100, ಮಾರುವಾಗ 100, ಸ್ಟಾಂಪ್ ಡ್ಯೂಟಿ 15 ರೂಪಾಯಿ. ಅದೇ ಹಣವನ್ನು ಹತ್ತು ಸಲ ತಿರುಗಿಸಿದರೆ 2,150. ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರುವ ಆದೇಶ) ಬಿಗಿ ಮಾಡಿದಾಗ ಟ್ರೇಡ್‌ಗಳೇ ಹೆಚ್ಚಿದವು.

ಫಲ ಕೊಟ್ಟದ್ದು ಇದು. ಮೊದಲು ಶೀಟ್‌ನಲ್ಲಿ ಬ್ಯಾಂಕಿನಿಂದ ಹೋದ ಹಣವನ್ನು ಮೈನಸ್, ವಾಪಸ್ ಬಂದದ್ದನ್ನೂ ಇಂದಿನ ಮೌಲ್ಯವನ್ನೂ ಪ್ಲಸ್ ಹಾಕಿ ಎಕ್ಸ್‌ಐಆರ್‌ಆರ್ (ಹಣ ಹೋದ-ಬಂದ ದಿನಾಂಕಗಳನ್ನು ಹಿಡಿದು ವಾರ್ಷಿಕ ಗಳಿಕೆ ತೋರುವ ಸೂತ್ರ) ತೆಗೆಯಿರಿ. ನಿಜವಾದ ಲೆಕ್ಕ ಇದೊಂದೇ. ಆಮೇಲೆ ಏಪ್ರಿಲ್, ಅಕ್ಟೋಬರ್ ಬಿಟ್ಟು ಬೇರೆ ತಿಂಗಳು ಮಾರಾಟ ಬೇಡ. ಆಗಲೂ ಯಾವುದಾದರೂ ಷೇರಿನ ಪಾಲು ಪೋರ್ಟ್‌ಫೋಲಿಯೊದಲ್ಲಿ ನೀವು ಅದಕ್ಕೆ ಇಟ್ಟ ಗುರಿಯಿಂದ 5 ಶೇಕಡಾಂಶ ಸರಿದಿದ್ದರೆ ಮಾತ್ರ, ಅದನ್ನೂ ಮೊದಲು ಹೊಸ ಹಣದಿಂದ ಸರಿದೂಗಿಸಿ. ಮಾರಲೇಬೇಕಾದರೆ 12 ತಿಂಗಳು ದಾಟಿದ್ದನ್ನೇ ಮಾರಿ: ತೆರಿಗೆ 20% ಬದಲು 12.5%, ಅದೂ 1.25 ಲಕ್ಷ ಮೀರಿದ ಲಾಭಕ್ಕಷ್ಟೇ. ಡಿಮ್ಯಾಟ್‌ನಲ್ಲಿ ಮೊದಲು ಕೊಂಡದ್ದೇ ಮೊದಲು ಮಾರಾಟವಾದಂತೆ ಲೆಕ್ಕ, ಹಾಗಾಗಿ ಖರೀದಿ ದಿನಾಂಕದ ಕಾಲಂ ಇರಲಿ.