ಫೈಲ್ ಮುಚ್ಚದೇ ಬ್ಯಾಕಪ್: ವಿಸ್ಯಾಮ್‌ಗೆ ಬಿಡಬ್ಲ್ಯೂಒ ಹಾಕುವುದು ಹೇಗೆ

ಶಿರಸಿಯ ಅಡಿಕೆ ವಖಾರಿಯಲ್ಲಿ ಚೀಲಗಳು ಒಳಗೆ ಹೊರಗೆ ಹೋಗುತ್ತಿರುವಾಗಲೇ ಎಣಿಸಿದರೆ ಲೆಕ್ಕ ತಪ್ಪುತ್ತೆ, ಅಲ್ವಾ? ಬಂದದ್ದು ಹೋದದ್ದು ಬರೆದಿಟ್ಟ ಪುಸ್ತಕ ಇದ್ದರೆ ಸರಿಮಾಡಬಹುದು. ಐಬಿಎಂ ಮೇನ್‌ಫ್ರೇಮ್‌ನ ವಹಿವಾಟು ತಂತ್ರಾಂಶವಾದ ಸಿಐಸಿಎಸ್‌ನಲ್ಲಿ ತೆರೆದಿರುವ ವಿಸ್ಯಾಮ್ ಫೈಲಿಗೆ (ಮೇನ್‌ಫ್ರೇಮ್‌ನ ಒಂದು ಬಗೆಯ ಡೇಟಾ ಫೈಲ್) ಆ ಪುಸ್ತಕವೇ ಫಾರ್ವರ್ಡ್ ರಿಕವರಿ ಲಾಗ್. ಫೈಲ್ ತೆರೆದಿರುವಾಗಲೇ ಬ್ಯಾಕಪ್ ತೆಗೆಯಲು ಬಿಡುವ ಸೌಲಭ್ಯವೇ ಬಿಡಬ್ಲ್ಯೂಒ, ಅಂದರೆ ಬ್ಯಾಕಪ್ ವೈಲ್ ಓಪನ್.

ಫೈಲ್ ಎಸ್‌ಎಂಎಸ್ (ಮೇನ್‌ಫ್ರೇಮ್‌ನ ಸ್ಟೋರೇಜ್ ನಿರ್ವಹಣಾ ವ್ಯವಸ್ಥೆ) ಅಡಿಯಲ್ಲಿದೆಯಾ, ಮೊದಲು ನೋಡಿ. ಆಮೇಲೆ ಅದನ್ನು ಒಂದು ಸಲ ಮುಚ್ಚಿ, ವಿಸ್ಯಾಮ್ ಫೈಲ್ ನಿರ್ವಹಿಸುವ ಐಡಿಕ್ಯಾಮ್ಸ್ ಪ್ರೋಗ್ರಾಂನಲ್ಲಿ ಆಲ್ಟರ್ ಆಜ್ಞೆ ಕೊಟ್ಟು ಬಿಡಬ್ಲ್ಯೂಒ(ಟೈಪ್‌ಸಿಐಸಿಎಸ್), ಲಾಗ್(ಆಲ್), ಲಾಗ್‌ಸ್ಟ್ರೀಮ್‌ಐಡಿ ಮೂರನ್ನೂ ಒಟ್ಟಿಗೇ ಹಾಕಿ. ಮೊದಲನೆಯದನ್ನು ಮಾತ್ರ ಹಾಕಿ ಲಾಗ್ ಬಿಟ್ಟರೆ ಸುಮ್ನೆ ದಂಡ.

ಫೈಲ್ ಮತ್ತೆ ತೆರೆದ ಮೇಲೆ ಸಿಐಸಿಎಸ್‌ನಲ್ಲಿ ಸಿಇಎಂಟಿ ಇನ್‌ಕ್ವೈರ್ ಡಿಎಸ್‌ನೇಮ್ ಆಜ್ಞೆ ಕೊಡಿ. ಬ್ಯಾಕಪ್‌ಟೈಪ್ ಎದುರು ಡೈನಮಿಕ್ ಅಂತ ಬರಬೇಕು. ಸ್ಟ್ಯಾಟಿಕ್ ಕಂಡರೆ, ತೆರೆದಿರುವಾಗ ತೆಗೆದ ಪ್ರತಿಯನ್ನು ನಂಬಲೇಬೇಡಿ. ಕಾರವಾರದ ಮನೆಯಿಂದ ರಾತ್ರಿ ಪಾಳಿ ಮಾಡುವ ನಾನು, ಹೊರಗೆ ಎಷ್ಟೇ ಮಳೆ ಹೊಯ್ಯಲಿ, ಈ ಒಂದು ಸಾಲು ನೋಡದೆ ಡಂಪ್ (ಬ್ಯಾಕಪ್ ಪ್ರತಿ ತೆಗೆಯುವ) ಜಾಬ್ ಸಬ್ಮಿಟ್ ಮಾಡುವುದಿಲ್ಲ.

ಡಂಪ್ ನಡೆಯುವಾಗ ಕೆಎಸ್‌ಡಿಎಸ್‌ನಲ್ಲಿ (ಕೀ ಪ್ರಕಾರ ಜೋಡಿಸಿದ ವಿಸ್ಯಾಮ್ ಫೈಲ್) ಸ್ಪ್ಲಿಟ್ ಆದರೆ, ಅಂದರೆ ಜಾಗ ಸಾಲದೆ ರೆಕಾರ್ಡ್‌ಗಳ ಗುಂಪು ಎರಡಾಗಿ ಒಡೆದರೆ, ಆ ಪ್ರತಿ ಕೆಲಸಕ್ಕೆ ಬಾರದು. ಹಾಗಾಗಿ ಹೊಸ ರೆಕಾರ್ಡ್ ಕಡಿಮೆ ಸೇರುವ ಹೊತ್ತು ಆರಿಸಿಕೊಳ್ಳಿ. ರಿಸ್ಟೋರ್ ಮಾಡಿದ ತಕ್ಷಣ ಫೈಲ್ ತೆರೆಯಬೇಡಿ. ಮೊದಲು ಸಿಐಸಿಎಸ್ ವಿಸ್ಯಾಮ್ ರಿಕವರಿಯಂಥ ಸಾಧನದಿಂದ ಲಾಗಿನಲ್ಲಿರುವ ಬದಲಾವಣೆಗಳನ್ನು ಹಚ್ಚಿ.